ಹಜಾರದ ಕಂಪ್ಯೂಟರಿನ ಕಾಣೆಯಾದ ಪಟ್ಟಿ

ಅನುವಾದಕರು ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದರು. ಟೀಚರಮ್ಮ ಕಿಟಕಿಯ ಬಳಿ ಪದಬಂಧ ಬಿಡಿಸುತ್ತಿದ್ದರು. ನಾನು ಅವರ ಗೋಡೆ ಗಡಿಯಾರಕ್ಕೆ ಹೊಸ ಮುಳ್ಳು ಹಾಕುತ್ತಿದ್ದೆ.

"ಮತ್ತೆ ಮಾಯ ಮಾಡಿದ್ದಾನೆ! ಕಂಪ್ಯೂಟರ್ ಪರದೆ ಕೆಳಗಿನ ಪಟ್ಟಿನೇ ಇಲ್ಲ. ಬೆಳಿಗ್ಗೆ ತೆರೆದಿಟ್ಟು ಹೋದ ಕಡತಗಳೂ ಕಾಣ್ತಿಲ್ಲ. ಆ ಪಿಟೀಲಿನವನು ಈ ಮನೇಲಿ ಇದ್ರೆ ನಾನಿರಲ್ಲ, ಅಷ್ಟೇ."

ನಮ್ಮದು ಒಂಟಿ ಜನರ ಮನೆ. ಎಲ್ಲರಿಗೂ ಒಂದೊಂದು ಬಾಡಿಗೆ ಕೋಣೆ, ಒಂದೊಂದು ಬೀಗ. ಊಟದ ಮೇಜಿನಲ್ಲಿ ಸೇರುತ್ತಿದ್ದೆವು, ಉಪ್ಪು ಕೇಳಲು ಎಷ್ಟು ಬೇಕೋ ಅಷ್ಟು ಮಾತಾಡಿ ಎದ್ದುಬಿಡುತ್ತಿದ್ದೆವು. ಮೇಜಿನ ತುದಿಯಲ್ಲಿ ಮನೆಯೊಡತಿ, ಎಲ್ಲರ ಅಕ್ಕಾವ್ರು, ಮೌನವಾಗಿ ಕೂರುತ್ತಿದ್ದರು. ಆಗಾಗ ಮಡಿಲಲ್ಲಿ ಅವರ ಬೆರಳುಗಳು ಆಡುತ್ತಿದ್ದವು, ಜಪವಿರಬೇಕು ಎಂದುಕೊಂಡಿದ್ದೆ. ಟೀಚರಮ್ಮ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಏನೇ ಕಳೆದರೂ ದೂರು ಅವರ ಬಳಿಗೇ ಬರುತ್ತಿತ್ತು. ಗಡಿಯಾರ ರಿಪೇರಿಯವನಾದ ನಾನು ಅವರ ಹಿಂಬಾಲಕ.

ಹಜಾರದ ಲಿನಕ್ಸ್ ಕಂಪ್ಯೂಟರ್ ಎಲ್ಲರಿಗೂ ಸೇರಿದ್ದು. ಕೆಲಸದ ದಿನಗಳಲ್ಲಿ ಅನುವಾದಕರು ಸಂಜೆ ಮರಳಿದಾಗ, ತೆರೆದ ಕಡತಗಳ ಹೆಸರು ಸಾಲಾಗಿ ಕಾಣುವ ಆ ಪಟ್ಟಿ ಮಾಯವಾಗಿರುತ್ತಿತ್ತು. ಎಲ್ಲರೂ ಮನೆಯಲ್ಲಿರುವ ಭಾನುವಾರ ಮಾತ್ರ ತೆಪ್ಪಗೆ ತನ್ನ ಜಾಗದಲ್ಲಿರುತ್ತಿತ್ತು. ಅದನ್ನು ಮರಳಿ ತರಲು ಬರುತ್ತಿದ್ದದ್ದು ಪಿಟೀಲಿನ ಹುಡುಗನೊಬ್ಬನಿಗೆ. ಹಾಗಾಗಿ ಅನುಮಾನವೂ ಅವನ ಮೇಲೆಯೇ. ತಿಂಗಳ ಕೊನೆಗೆ ಕೋಣೆ ಬಿಡುವಂತೆ ಅಕ್ಕಾವ್ರು ಹೇಳಿಯಾಗಿತ್ತು.

"ಸರಿ ಮಾಡಿಕೊಟ್ಟಿದ್ದೇ ತಪ್ಪಾಯ್ತು," ಎಂದ ಅವನು, ನಾವು ಕೆಳಗಿಳಿದಾಗ. "ಪಿಟೀಲು ಅಂದ ಕೂಡಲೇ ಬಾಗಿಲು ಹಾಕ್ತಾರೆ. ಇನ್ಯಾರು ಕೋಣೆ ಕೊಡ್ತಾರೆ ನಂಗೆ?"

"ಅಳೋದು ಆಮೇಲೆ. ಮೊದಲು ಪಟ್ಟಿಯ ಸೆಟ್ಟಿಂಗ್ಸ್ ತೋರಿಸಪ್ಪ," ಎಂದರು ಟೀಚರಮ್ಮ.

ಅವನು ತೆರೆದು ತೋರಿಸಿದ. ಪಟ್ಟಿ ಯಾವ ಪರದೆಯಲ್ಲಿರಬೇಕು ಎಂಬ ಕಡೆ ಎಚ್‌ಡಿಎಂಐ ಎಂದು, ಟಿವಿಗಳಿಗೆ ಸಿಕ್ಕಿಸುವ ತಂತಿಯ ಹೆಸರಿತ್ತು. ಆದರೆ ಎದುರಿನ ಹಳೆಯ ಮಾನಿಟರಿಗೆ ಇದ್ದದ್ದು ಬೇರೆ ಬಗೆಯ ತಂತಿ. ಟೀಚರಮ್ಮ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಅನುವಾದಕರ ಕಡತಗಳು ಒಂದೊಂದಾಗಿ ಮೇಲೆದ್ದವು. ಒಂದಕ್ಷರವೂ ಹಾಳಾಗಿರಲಿಲ್ಲ. ಆಮೇಲೆ ಅವರು ಗೋಡೆಯ ಟಿವಿಯ ಹಿಂಭಾಗವನ್ನು ಸವರಿ, ಬೆರಳಿಗಂಟಿದ ಧೂಳನ್ನು ನೋಡಿಕೊಂಡರು.

"ಮಧ್ಯಾಹ್ನ ಪಕ್ಕದ ಕೋಣೇಲೇ ಇರ್ತೀರಲ್ಲ. ಇಲ್ಲಿಂದ ಟಿವಿ ಸದ್ದು ಕೇಳುತ್ತಾ?" ಎಂದು ನನ್ನನ್ನು ಕೇಳಿದರು.

"ಇಲ್ಲ. ಹಜಾರದ ಬಾಗಿಲು ಮುಚ್ಚಿರುತ್ತೆ. ಸೂಜಿ ಬಿದ್ರೂ ಕೇಳೋಷ್ಟು ಮೌನ."

ಅವರ ಮುಖ ಯಾಕೋ ಬಾಡಿತು. "ಎಲ್ಲರನ್ನೂ ಕರೀರಿ," ಎಂದರು ಮೆಲ್ಲಗೆ.

ಐವರೂ ಹಜಾರದಲ್ಲಿ ಕೂತೆವು. ಊಟದ ಮೇಜು ಬಿಟ್ಟು ನಾವು ಒಟ್ಟಿಗೆ ಕೂತದ್ದು ಅದೇ ಮೊದಲು.

"ಪಟ್ಟಿಯನ್ನ ಯಾರೂ ಕದ್ದಿಲ್ಲ," ಟೀಚರಮ್ಮ ಶುರುಮಾಡಿದರು. "ಅದನ್ನ ಇನ್ನೊಂದು ಪರದೆಗೆ ಕಳಿಸಿದ್ದಾರೆ. ಆ ಪರದೆಯ ತಂತಿ ಕಿತ್ತ ಮೇಲೂ ಅದು ಅಲ್ಲೇ ಕಾಯ್ತಾ ಇದೆ. ಕಡತಗಳನ್ನ ಮುಚ್ಚಿಲ್ಲ, ಕೆಳಗೆ ಇಳಿಸಿದ್ದಾರೆ. ಪಟ್ಟಿ ಇಲ್ಲದೆ ಅವನ್ನ ಮೇಲೆತ್ತೋದು ನಮ್ಮ ಅನುವಾದಕರಿಗೆ ತಿಳೀಲಿಲ್ಲ. ಕೆಡಿಸೋ ಮನಸ್ಸಿದ್ದೋರು ಇಷ್ಟು ಜೋಪಾನ ಮಾಡ್ತಾರಾ?"

ಅನುವಾದಕರು ಕೆಮ್ಮಿದರು.

"ಟಿವಿ ಹಿಂದೆಲ್ಲ ಧೂಳು, ತಂತಿ ಸಿಕ್ಕಿಸೋ ಒಂದು ಕಿಂಡಿ ಮಾತ್ರ ಫಳಫಳ. ಭಾನುವಾರ ಪಟ್ಟಿ ಸರಿಯಿರುತ್ತೆ. ಅಂದ್ರೆ ಇದು ನಾವು ಹೊರಗೆ ಹೋದಾಗ ನಡೆಯೋದು. ನಾನು ಲೈಬ್ರರಿಯಲ್ಲಿರ್ತೀನಿ, ಹುಡುಗನೂ ಆಗ ಪಾಠ ಹೇಳೋಕೆ ಹೋಗಿರ್ತಾನೆ. ಮನೇಲಿ ಉಳಿಯೋದು ಇಬ್ಬರು. ಗಡಿಯಾರದೋರಿಗೆ ಸದ್ದೇ ಕೇಳಿಲ್ಲ. ಟಿವಿಯಷ್ಟು ದೊಡ್ಡದಾಗಿ ನೋಡಬೇಕು, ಆದರೆ ಕೇಳೋಕೆ ಏನೂ ಇಲ್ಲ. ಅಂಥದ್ದು ಏನಿರಬಹುದು? ಆಗ ನನಗೆ ಊಟದ ಮೇಜಿನಲ್ಲಿ ಕಂಡ ಬೆರಳುಗಳ ನೆನಪಾಯ್ತು." ಅಲ್ಲಿಗೆ ನಿಲ್ಲಿಸಿ ಅವರು ನೆಲ ನೋಡಿದರು.

ಅಕ್ಕಾವ್ರು ಸೆರಗು ಸರಿಮಾಡಿಕೊಂಡರು.

"ನನ್ನ ತಂಗಿಗೆ ಕಿವಿ ಕೇಳ್ತಿರಲಿಲ್ಲ. ಚಿಕ್ಕಂದಿನಿಂದ ನಮ್ಮಿಬ್ಬರದೂ ಕೈ ಮಾತು. ಹೋದ ವರ್ಷ ಹೋಗಿಬಿಟ್ಟಳು. ಅವಳು ಕಳಿಸಿದ್ದ ವಿಡಿಯೋಗಳಿವೆ. ಬೆರಳು ಚಿಕ್ಕದಾಗಿ ಕಂಡ್ರೆ ಮಾತು ತಪ್ಪಿಹೋಗುತ್ತೆ, ಅದಕ್ಕೆ ಟಿವಿಗೆ ಹಾಕ್ಕೋತೀನಿ. ಕುರ್ಚಿಯಿಂದ ಕಾಣಲಿ ಅಂತ ಪಟ್ಟೀನೂ ಆ ಕಡೆ ಕಳಿಸ್ತಿದ್ದೆ. ಆಮೇಲೆ ತಂತಿ ಕಿತ್ತು ಎದ್ದುಹೋಗ್ತಿದ್ದೆ. ಪಟ್ಟಿ ಹೋಗ್ತಿದ್ದದ್ದು ಅದರಿಂದ ಅಂತ ದೇವರಾಣೆ ಗೊತ್ತಿರಲಿಲ್ಲ."

"ನಮಗೆ ಹೇಳಬಹುದಿತ್ತಲ್ಲ, ಅಕ್ಕಾವ್ರೇ?" ಎಂದೆ.

"ಏನಂತ ಹೇಳಲಿ? ಆ ಮಾತು ಬರೋರು ಈ ಮನೇಲಿ ಯಾರಿದ್ದಾರೆ?" ಆಮೇಲೆ ಹುಡುಗನ ಕಡೆ ತಿರುಗಿದರು. "ನಿನಗೆ ಅನ್ಯಾಯ ಮಾಡಿಬಿಟ್ಟೆ ಕಣಪ್ಪ. ಕೋಣೆ ಬಿಡಬೇಡ."

ಹುಡುಗ ತಲೆಯಾಡಿಸಿದ. ಟಿವಿಗೆ ತಂತಿ ಸಿಕ್ಕಿಸಿ, ಎರಡು ಪರದೆಗೂ ಒಂದೊಂದು ಪಟ್ಟಿ ಮಾಡಿಕೊಟ್ಟ. "ಇನ್ನು ನೀವು ಏನನ್ನೂ ಅತ್ತಿತ್ತ ಕಳಿಸೋದು ಬೇಡ. ಒಂದ್ಸಲ ಹಾಕಿ ನೋಡಿ."

ಗೋಡೆಯ ಮೇಲೆ ನಗುಮುಖದ ಹೆಂಗಸೊಬ್ಬಳು ಮೂಡಿ ಬೆರಳಾಡಿಸತೊಡಗಿದಳು. ಅನುವಾದಕರು ಮುಂದಕ್ಕೆ ಬಾಗಿದರು.

"ಏನಂತಿದ್ದಾರೆ?"

"ಊಟ ಆಯ್ತಾ ಅಂತಿದ್ದಾಳೆ," ಎಂದ ಅಕ್ಕಾವ್ರ ಕೈಗಳು ತಾವಾಗಿಯೇ ಮೇಲೆದ್ದು ಉತ್ತರ ಕೊಟ್ಟವು. ಅಷ್ಟರಲ್ಲಿ ಪರದೆಯ ಮೇಲಿನ ತಂಗಿ ಬೇರೆ ಮಾತಿಗೆ ಹೋಗಿಬಿಟ್ಟಿದ್ದಳು.