ಕೌದಿಯ ಕೊನೆಯ ಗಂಟು

ನನ್ನ ಕೌದಿಯ ಹೊಲಿಗೆ ಅಕ್ಕಿಕಾಳಿನಷ್ಟೂ ಸೊಟ್ಟಗಾಗುವುದಿಲ್ಲ. ಜಂಬವಲ್ಲ, ಹಗರಿಬೊಮ್ಮನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ. ಮೊಮ್ಮಗಳ ತೊಟ್ಟಿಲಿಗೆಂದು ಹಳೇ ಸೀರೆಯ ತುಂಡು ಜೋಡಿಸಿ ಹೊಲಿದದ್ದೂ ಹಾಗೇ ಇತ್ತು. ಆದರೆ ಮರುದಿನ ಬೆಳಿಗ್ಗೆ ಅದರ ಒಂದು ಮೂಲೆ ಬಿಚ್ಚಿಕೊಂಡಿತ್ತು. ದಾರ ಹರಿದಿರಲಿಲ್ಲ. ಎರಡೂ ತುದಿಯ ಗಂಟುಗಳ ಸಮೇತ ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು.

ಒತ್ತೊತ್ತಾಗಿ ಮತ್ತೆ ಹೊಲಿದೆ. ಮರುದಿನವೂ ಬಿಚ್ಚಿತ್ತು. ಒಳಗೆ ಕೈ ಹಾಕಿದರೆ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

ಪಕ್ಕದ ಮನೆಯ ಭರಮಮ್ಮ ಬಂದು ನೋಡಿದಳು. "ಇದ್ರ ಹೊಟ್ಟಿಗೆ ಏನಾರ ಇಟ್ಟಿಯೇನಬೇ?"

ಮರೆತೇಬಿಟ್ಟಿದ್ದೆ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಹೋಳಿಗೆ ಚೂರು ಇಡುವುದು ನಮ್ಮ ರೂಢಿ. ಕೌದಿ ಹಸಿದಿರಬಾರದು.

"ಹಸದ ಕೌದಿ ಮ್ಯಾಲೆ ಕೂಸಿನ್ನ ಮಲಗಸಾಕ ಹೊಂಟಿದ್ಯಲ್ಲ!" ಎಂದು ಬೈದಳು.

ಅಂದೇ ಹೋಳಿಗೆ ಮಾಡಿ, ಚೂರು ಇಟ್ಟು ಹೊಲಿದೆ. ಮೂಲೆ ಮತ್ತೆ ಬಿಚ್ಚಲಿಲ್ಲ. ಮಗಳು ಕೌದಿಯನ್ನು ಕೊಟ್ಟೂರಿಗೆ ಒಯ್ದಳು.

ನಿನ್ನೆ ಮಧ್ಯಾಹ್ನ ಅವಳ ಫೋನ್ ಬಂತು. "ಯವ್ವಾ, ಹೊಲಿಗಿ ಒಂದೂ ಬಿಚ್ಚಿಲ್ಲ. ಆದ್ರ ಮೂಲಿ ಹಿಸುಕಿ ನೋಡಿದ್ರ ಹೋಳಿಗಿ ಸಿಗವಲ್ದು. ಬಟ್ಟಿ ಬೆಚ್ಚಗೈತಿ."

"ಗಂಟು ಎಲ್ಲೈತಿ ನೋಡು," ಎಂದೆ. ಕೊನೆಯ ಗಂಟನ್ನು ನಾನು ಹೊರಗೇ ಹಾಕಿದ್ದೆ. ಮೂಲೆ ಮುಚ್ಚಿದ ಮೇಲೆ ಒಳಗಡೆ ಗಂಟು ಹಾಕಲು ಯಾರಿಗೂ ಆಗುವುದಿಲ್ಲ.

ಅವಳು ಮೂಲೆಯನ್ನು ಬೆರಳಿನಿಂದ ತಡವುತ್ತಾ ಹುಡುಕಿದಳು.

"ಹೊರಗಿಲ್ಲಬೇ. ಒಳಗ ಬಿಗದೈತಿ."

ಕೂಸು ಆಗ ಅದರ ಮೇಲೇ ಮಲಗಿತ್ತು.