ಬಣ್ಣ ಬಿಟ್ಟ ಹರವಿಯ ನೀರು

"ನಾ ಔಷಧ ಹಾಕೇನ್ರಿ ರಾಯರ. ಒಂದು ದಿನಾನೂ ತಪ್ಪಿಸಿಲ್ಲ. ಆದ್ರ ನನ್ನ ಮಾತು ಯಾರೂ ನಂಬವಲ್ರು."

ನರ್ಮದಾಬಾಯಿ ಅವಧೂತರಾಯರ ಗುಡಿಸಲ ಹೊರಗೆ ನಿಂತು ಹೀಗೆಂದಾಗ ದಿಗಂಬರ ಒಳಗೆ ಕ್ಷೌರಕ್ಕೆಂದು ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡು ಕೂತಿದ್ದ. ಉಳಿದರ್ಧವನ್ನು ಹಾಗೆಯೇ ಬಿಟ್ಟು ಎದ್ದು ಬಂದ. ಆಕೆ ಕರೆದದ್ದು ರಾಯರನ್ನು, ತನ್ನನ್ನಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಆಕೆಯ ದನಿ ಕೇಳಿದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದಕ್ಕೆ ಏನು ಹೆಸರೆಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ. ಆ ಕಾಲದಲ್ಲಿ, ಒಬ್ಬ ವಿಧವೆಯ ವಿಷಯದಲ್ಲಿ, ಕೇಳಿಕೊಳ್ಳುವಂತೆಯೂ ಇರಲಿಲ್ಲ.

೧೯೧೧ನೆಯ ಇಸವಿ. ಪುಣೆಯಲ್ಲಿ ಮತ್ತೆ ಪ್ಲೇಗು. ಶನಿವಾರ ಪೇಟೆಯ ವಠಾರದಂಥ ವಾಡೆಗಳಲ್ಲಿದ್ದ ಹನ್ನೆರಡು ಕನ್ನಡ ಕುಟುಂಬಗಳು ಮನೆಗೆ ಬೀಗ ಹಾಕಿ, ಭೋಸರಿ ಊರಾಚೆಯ ದಿಬ್ಬದ ಮೇಲೆ ತಟ್ಟಿಯ ಗುಡಿಸಲು ಕಟ್ಟಿಕೊಂಡು ಎರಡು ತಿಂಗಳಾಗಿತ್ತು. ಧಾರವಾಡದ ಕಡೆಯಿಂದ ನೌಕರಿಗೆಂದು ಬಂದ ಜನ. ಮೊದಲೇ ಊರು ಬಿಟ್ಟವರು, ಈಗ ಮನೆಯನ್ನೂ ಬಿಟ್ಟಿದ್ದರು. ಸಂಜೆಯಾದರೆ ಎಲ್ಲರ ಬಾಯಲ್ಲೂ ಊರಿನದೇ ಮಾತು.

ಅವಧೂತರಾಯರು ದವಾಖಾನೆಯೊಂದರಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಸೀಸೆ ಮೂಸಿಯೇ ಒಳಗಿನ ಔಷಧ ಹೇಳುತ್ತಿದ್ದ ಮೂಗು ಅವರದು. ಆ ಮೂಗನ್ನು ಅವರು ಆಮೇಲೆ ಊರವರ ಭಾನಗಡಿಗಳಲ್ಲಿ, ತಂಟೆ ತಕರಾರುಗಳಲ್ಲಿ ತೂರಿಸತೊಡಗಿದರು. ವಾಡೆಯಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ತನ್ನ ಹೆಂಡತಿ ತೀರಿಕೊಂಡ ಮೇಲೆ ರಾಯರ ಜೊತೆಯಲ್ಲೇ ಇದ್ದ ದಿಗಂಬರ ನೀರಾವರಿ ಕಚೇರಿಯ ಕಾರಕೂನ. ಪ್ರತಿ ಪ್ರಕರಣದಲ್ಲೂ ಮೊದಲು ತಪ್ಪು ಊಹೆ ಮಾಡುವ ಕೆಲಸವನ್ನು ಅವನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ.

ದಿಬ್ಬದ ಕುಡಿಯುವ ನೀರಿನ ಹೊಣೆ ನರ್ಮದಾಬಾಯಿಯದು. ಬಾವಿಯಿಂದ ಹೊತ್ತು ತಂದ ನೀರನ್ನು ಆಕೆ ಹಂಡೆಯಲ್ಲಿ ಮರಳಿಸಿ, ಆರಿಸಿ, ಒಂದರ ಮೇಲೊಂದು ಇಟ್ಟ ಮೂರು ಗಡಿಗೆಗಳಲ್ಲಿ ಸೋಸುತ್ತಿದ್ದಳು. ಮೇಲಿನೆರಡು ಗಡಿಗೆಗಳಲ್ಲಿ ಇದ್ದಿಲು, ಉಸುಕು. ಅವುಗಳ ತಳದಲ್ಲಿ ಸಣ್ಣ ತೂತು. ಕೆಳಗಿನದರಲ್ಲಿ ಸೋಸಿ ಇಳಿದ ನೀರನ್ನು ದೊಡ್ಡ ಮಣ್ಣಿನ ಹರವಿಗೆ ತುಂಬಿ, ಸಂಜೆ ಡಾಕ್ಟರು ಕೊಟ್ಟ ಕೆಂಪು ಔಷಧದ ಹರಳು ಹಾಕಬೇಕು. ನೀರು ತೆಳು ಗುಲಾಬಿಯಾಗುತ್ತದೆ. ಮುಂಜಾನೆಗೂ ಆ ಬಣ್ಣ ಉಳಿದಿದ್ದರೆ ಕುಡಿಯಬಹುದು ಎಂದು ಡಾಕ್ಟರು ಹೇಳಿಹೋಗಿದ್ದರು.

ದೀಪಾವಳಿಯಾದ ಮೇಲೆ ಬಣ್ಣ ಉಳಿಯಲಿಲ್ಲ. ಬಣ್ಣವಿಲ್ಲದ ನೀರು ನೋಡಿ ಹೆಂಗಸರಿಗೆ ಖುಷಿಯೇ ಆಯಿತು, ಔಷಧದ ಒಗರು ಇಲ್ಲವೆಂದು. ನರ್ಮದಾಬಾಯಿ ಮಾತ್ರ ದಿಗಿಲಾಗಿ ದಿನಕ್ಕೆ ಎರಡು ಹರಳು ಹೆಚ್ಚಿಗೆ ಹಾಕಿದಳು. ಹತ್ತು ದಿನದೊಳಗೆ ಒಂಬತ್ತು ಮಂದಿಗೆ ವಾಂತಿಭೇದಿ ಹತ್ತಿತು. ದಿಬ್ಬದ ಹಿರಿಯ ರಾಘಣ್ಣನವರ ನಾಲ್ಕು ವರ್ಷದ ಮಗಳು ಅಂಬಾ ಡಾಕ್ಟರರ ಡೇರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

ಔಷಧ ಹಾಕದೆ ಸೋಮಾರಿತನ ಮಾಡಿದ್ದಾಳೆ ಎಂದು ರಾಘಣ್ಣನವರು ತೀರ್ಮಾನಿಸಿದರು. ನಾಳೆ ಮುಂಜಾನೆಯ ಗಾಡಿಗೆ ಆಕೆ ದಿಬ್ಬ ಬಿಡಬೇಕು. ಪ್ಲೇಗಿನ ಪುಣೆಗೆ ಹೋಗುವುದಕ್ಕೆ ನರ್ಮದಾಬಾಯಿ ಹೆದರಿರಲಿಲ್ಲ. ಹೆದರಿದ್ದು ಒಂದು ಪತ್ರಕ್ಕೆ.

ಆ ಪತ್ರದ ಸಂಗತಿ ದಿಗಂಬರನಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಸತ್ತ ಮೇಲೆ ಮೂರು ವರ್ಷದ ಮಗಳು ಶಾಮಲಾಳನ್ನು ಧಾರವಾಡದಲ್ಲಿ ಮೈದುನನ ಮನೆಯಲ್ಲಿ ಬಿಟ್ಟು ನರ್ಮದಾಬಾಯಿ ಪುಣೆಗೆ ದುಡಿಯಲು ಬಂದಿದ್ದಳು. ಬಂದು ಮೂರು ವರ್ಷವಾಗಿತ್ತು. ಆಕೆಗೆ ಓದುಬರಹ ಬಾರದು. ತಿಂಗಳಿಗೊಂದು ಕಾಗದ ಬರೆಯುತ್ತಿದ್ದವನು ದಿಗಂಬರ. ಹುಡುಗಿಯ ಕೂದಲು ಎಷ್ಟುದ್ದ ಬೆಳೆದಿದೆ, ಬೆರಳಲ್ಲಿ ಅಳೆದು ತಿಳಿಸಿರಿ ಎಂಬ ಮಾತು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಅದನ್ನು ಬರೆಯುವಾಗ ಅವನ ಕೈ ನಿಧಾನವಾಗುತ್ತಿತ್ತು. ಕೊನೆಗೊಮ್ಮೆ ಮೈದುನ ಉತ್ತರಿಸಿದ್ದ: ಅತ್ತಿಗೆ ಒಳ್ಳೆಯ ನೆಲೆಯಲ್ಲಿ, ಒಳ್ಳೆಯ ಹೆಸರಿನಲ್ಲಿ ಇದ್ದಾಳೆಂದು ರಾಘಣ್ಣನವರು ಸ್ವಹಸ್ತದಿಂದ ಬರೆದರೆ, ಪ್ಲೇಗು ಇಳಿದ ಮೇಲೆ ಹುಡುಗಿಯನ್ನು ತಂದು ಒಪ್ಪಿಸುತ್ತೇನೆ. ರಾಘಣ್ಣನವರು ಬರೆಯಲು ಒಪ್ಪಿದ್ದರು. ಈಗಲೂ ಬರೆಯುವವರೇ ಇದ್ದರು, ಬೇರೆ ಮಾತುಗಳಲ್ಲಿ.

"ಹಿಂಗ ಬರದ್ರ ಕೂಸಿನ್ನ ಮತ್ತ ಜನ್ಮದಾಗ ಕಳಸೂದಿಲ್ರಿ," ಎಂದಳು ನರ್ಮದಾಬಾಯಿ. ಆಕೆ ಅಳಲಿಲ್ಲ. ಅತ್ತಿದ್ದರೆ ದಿಗಂಬರನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ರಾಯರು ಆಕೆಯ ಕೈ ನೋಡಿದರು. ಬೆರಳ ತುದಿಗಳೆಲ್ಲ ಕಂದುಗಟ್ಟಿದ್ದವು. ಔಷಧದ ಡಬ್ಬಿ ತರಿಸಿ ನೋಡಿದರೆ ತಳ ಕಾಣುತ್ತಿತ್ತು. ಡಬ್ಬಿಯನ್ನೇ ಖಾಲಿ ಮಾಡಿ ಚೆಲ್ಲಿರಬಹುದಲ್ಲ ಎಂದು ರಾಘಣ್ಣನವರು ಆಗಲೇ ಹೇಳಿಯಾಗಿತ್ತಂತೆ.

ನೀರಿನ ಗುಡಿಸಲಿಗೆ ಕಂಡಕಂಡವರು ಹೋಗುವಂತಿರಲಿಲ್ಲ. ಸ್ನಾನ ಮಾಡಿ ಮಡಿಯುಟ್ಟವರಷ್ಟೇ ಹರವಿ ಮುಟ್ಟಬೇಕು. ದಿಬ್ಬದಲ್ಲಿ ಹಾಗೆ ಮುಟ್ಟುತ್ತಿದ್ದವರು ನಾಲ್ವರು: ನರ್ಮದಾಬಾಯಿ, ರಾಘಣ್ಣನವರು, ಅವರ ಹೆಂಡತಿ ಇಂದೂಬಾಯಿ, ಅಕ್ಕ ಭಾಮಕ್ಕ. ರಾಯರು ತಣ್ಣೀರು ಸುರುವಿಕೊಂಡು ಒದ್ದೆ ಪಂಚೆಯಲ್ಲೇ ಒಳಗೆ ಹೋದರು. ಮೈಲಿಗೆಯ ದಿಗಂಬರ, ಮುಖದ ಮೇಲೆ ಸಾಬೂನು ಒಣಗಿಸಿಕೊಂಡು, ಬಾಗಿಲಾಚೆಯಿಂದ ಇಣುಕಿದ.

ಹರವಿಯ ತಳದಲ್ಲಿ ಕಂದು ಗಸಿ ದಪ್ಪಗೆ ಕೂತಿತ್ತು. ಸಾರಿಸಿದ ನೆಲದ ಮೇಲೆ ಹರವಿಯ ಸುತ್ತಲೂ ನೀರು ಹರಿದು ಆರಿದ ಉಂಗುರ. ಸಂಜೆ ಎಷ್ಟು ತುಂಬುತ್ತೀ ಎಂದು ರಾಯರು ನರ್ಮದಾಬಾಯಿಯನ್ನು ಕೇಳಿದರು. ಕಂಠದವರೆಗೆ, ಆದರೆ ಚೆಲ್ಲುವಷ್ಟಲ್ಲ ಎಂದಳು. ಆಮೇಲೆ ರಾಯರು ಡಾಕ್ಟರರ ಡೇರೆಗೆ ಹೋಗಿ, ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಇಂದೂಬಾಯಿಯನ್ನು ಮಾತಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ತಾನು ದಿನಾ ತಂಬಿಗೆ ತುಂಬಿಕೊಳ್ಳಲು ಹೋಗುತ್ತಿದ್ದೆ, ಆಗ ನೀರು ಗುಲಾಬಿಯಾಗಿಯೇ ಇರುತ್ತಿತ್ತು ಎಂದು ಆಕೆ ಸುಳ್ಳಿಲ್ಲದೆ ಹೇಳಿದಳು. ತನ್ನ ಮಾತಿನ ತೂಕ ಆಕೆಗೇ ತಿಳಿದಿರಲಿಲ್ಲ.

"ಈ ಹತ್ತು ದಿನದಾಗ ಒಂದರೇ ಮುಂಜಾನೆ ಬಣ್ಣ ಉಳಿದಿತ್ತೇನೋ ದಿಗಂಬರಾ?" ಎಂದು ರಾಯರು ಕೇಳಿದರು.

ದಿಗಂಬರ ಯೋಚಿಸಿದ. ಹೌದು, ಒಂದು ದಿನ ಉಳಿದಿತ್ತು. ದಿಬ್ಬದ ಕೆಳಗೆ ಕಿರುಬ ಕೂಗಿತೆಂದು, ಬಿಸಿಲು ಬೀಳುವ ತನಕ ಹೆಂಗಸರು ಹೊರಗೆ ಬರಬಾರದೆಂದು ತಾಕೀತು ಮಾಡಿದ ದಿನ. ಆ ಮುಂಜಾನೆ ಒಗರು ನೀರು ಕುಡಿದು ಅವನು ಮುಖ ಕಿವುಚಿದ್ದ. ಇದರಿಂದ ಏನು ಹೊಳೆಯಬೇಕೋ ಅದು ಅವನಿಗೆ ಹೊಳೆಯಲಿಲ್ಲ. ಡಾಕ್ಟರರ ಔಷಧವೇ ಕಳಪೆ ಎಂದು ತನ್ನ ಊಹೆ ಮುಂದಿಟ್ಟ. ರಾಯರು ಎಂದಿನಂತೆ ಅದನ್ನು ಗೌರವದಿಂದ ಕೇಳಿ ಬದಿಗಿಟ್ಟರು.

ಬರುವ ದಾರಿಯಲ್ಲಿ ಭಾಮಕ್ಕ ಬಿಸಿಲಿಗೆ ಕೂತು, ಒದ್ದೆ ಮಡಿಸೀರೆಯ ಅಂಚಿಗೆ ಅಂಟಿದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಜೀವ. ಅಂಬಾ ಈಗ ಹೇಗಿದ್ದಾಳೆಂದು ಮೂರು ಸಲ ಕೇಳಿದರು. ನಮ್ಮ ಕಡೆ ಕಾರ್ತಿಕವೆಂದರೆ ಮಲಪ್ರಭೆಯ ದಂಡೆ ತುಂಬ ದೀಪ, ಇಲ್ಲಿ ನೋಡು ಈ ಧೂಳು ಎಂದು ಹಲುಬಿದರು. ರಾಯರು ಮಾತು ಮುಗಿಯುವ ತನಕ ನಿಂತು ಕೇಳಿದರು.

ಆಮೇಲೆ ಅವರು ದಿಬ್ಬವನ್ನು ಪೂರ್ತಿ ಒಂದು ಸುತ್ತು ಹಾಕಿದರು. ಬಾವಿಯ ಹಾದಿಯನ್ನು ಡಾಕ್ಟರರ ಅಪ್ಪಣೆಯಂತೆ ಹುಲ್ಲುಕಡ್ಡಿಯಿಲ್ಲದಂತೆ ಕೆತ್ತಿಸಲಾಗಿತ್ತು. ಹಿಂಬದಿಯ ಇಳಿಜಾರಿನಲ್ಲಿ ಮಾತ್ರ ಮೊಣಕಾಲೆತ್ತರದ ಉತ್ತರಾಣಿ. ಅದರ ಕೆಳಗೆ ಸಣ್ಣದೊಂದು ಹಳ್ಳ. ಹಳ್ಳದ ಮೇಲುಗಡೆ ದಾರಿಹೋಕರ ಗಾಡಿಗಳು ಬಿಡಾರ ಹೂಡಿದ್ದವು. ರಾಯರು ತಂಬಿಗೆಯಲ್ಲಿ ಹಳ್ಳದ ನೀರು ತುಂಬಿಕೊಂಡು ತಿರುಗಿ ಬಂದಾಗ ಅವರ ಪಂಚೆಯ ತುಂಬ ಬೀಜ. ಕೀಳುತ್ತ ಕೂತ ದಿಗಂಬರನ ಕೈ ಅರ್ಧದಲ್ಲೇ ನಿಂತಿತು. ಅವನು ರಾಯರ ಮುಖ ನೋಡಿದ.

ಮಧ್ಯಾಹ್ನ ರಾಘಣ್ಣನವರ ಗುಡಿಸಲ ಮುಂದಿನ ಬೇವಿನ ನೆರಳಲ್ಲಿ ಎಲ್ಲರೂ ಸೇರಿದರು. ರಾಯರು ಎರಡು ಗಾಜಿನ ಲೋಟಗಳಲ್ಲಿ ಗುಲಾಬಿ ನೀರು ತುಂಬಿ ಮಣೆಯ ಮೇಲಿಟ್ಟರು. ಒಂದಕ್ಕೆ ಕಾಸಿ ಸೋಸಿದ ಬಾವಿಯ ನೀರು ಒಂದು ಸೌಟು ಹಾಕಿದರು, ಇನ್ನೊಂದಕ್ಕೆ ತಂಬಿಗೆಯಿಂದ ಒಂದು ಸೌಟು. ತಂಬಿಗೆಯಲ್ಲಿ ಏನಿದೆಯೆಂದು ಹೇಳಲಿಲ್ಲ.

ಈ ಕೆಂಪು ಔಷಧ ಹೊಲಸನ್ನು ಸುಡುತ್ತದೆ, ಸುಡುವಾಗ ತನ್ನ ಬಣ್ಣ ಕಳೆದುಕೊಂಡು ಕಂದು ಗಸಿಯಾಗಿ ತಳಕ್ಕೆ ಕೂರುತ್ತದೆ ಎಂದು ಅವರು ಆರಂಭಿಸಿದರು. ಹರವಿಯಲ್ಲಿ ಆ ಗಸಿ ದಪ್ಪಗೆ ಕೂತಿದೆ. ಔಷಧ ಹಾಕದೆ ಗಸಿ ಎಲ್ಲಿಂದ ಬರಬೇಕು? ನರ್ಮದಾಬಾಯಿ ಹಾಕಿದ್ದಾಳೆ, ಹಾಕಬೇಕಾದ್ದಕ್ಕಿಂತ ಹೆಚ್ಚೇ ಹಾಕಿದ್ದಾಳೆ.

ಹಾಗಾದರೆ ಬಾವಿ ದೂರವೆಂದು ಆಕೆ ಹೊಲಸು ನೀರನ್ನೇ ತುಂಬಿರಬೇಕು ಎಂದು ರಾಘಣ್ಣನವರು ತಡೆದರು. ಹಾಗಿದ್ದರೆ ಬಣ್ಣ ಸಂಜೆಯೇ ಹೋಗಬೇಕಿತ್ತು, ದೀಪ ಹಚ್ಚುವಾಗ ನಿಮ್ಮ ಮನೆಯವರೇ ಗುಲಾಬಿ ನೀರು ನೋಡಿದ್ದಾರೆ ಎಂದರು ರಾಯರು. ಕಂಠದವರೆಗೆ ತುಂಬಿದ್ದ ಹರವಿ ಮುಂಜಾನೆಗೆ ಹೊರಚೆಲ್ಲಿದೆ. ನೆಲದ ಮೇಲೆ ಗುರುತಿದೆ. ಅಂದರೆ ನಸುಕಿನಲ್ಲಿ, ಆಕೆ ಬಾವಿಗೆ ಹೋದ ಹೊತ್ತು ನೋಡಿ, ಯಾರೋ ಒಂದು ಕೊಡ ನೀರು ತಂದು ಸುರಿದಿದ್ದಾರೆ. ಅದು ಶುರುವಾದದ್ದು ಕಾರ್ತಿಕದ ಪಾಡ್ಯದಂದು, ನದಿಸ್ನಾನದ ತಿಂಗಳ ಮೊದಲ ದಿನ. ತಪ್ಪಿದ್ದು ಒಂದೇ ದಿನ, ಕಿರುಬಕ್ಕೆ ಹೆದರಿ ಹೆಂಗಸರು ಹೊರಬೀಳದ ದಿನ.

ಮಣೆಯ ಮೇಲಿನ ಎರಡನೆಯ ಲೋಟದ ಬಣ್ಣ ಅಷ್ಟರಲ್ಲಿ ಮಾಸಿ ಹಳದಿಗೆ ತಿರುಗಿತ್ತು. ಮೊದಲನೆಯದು ಇದ್ದಂತೆಯೇ ಇತ್ತು. ತಂಬಿಗೆಯಲ್ಲಿರುವುದು ಹಿಂಬದಿಯ ಹಳ್ಳದ ನೀರು ಎಂದರು ರಾಯರು. ಆ ಹಾದಿಯಲ್ಲಷ್ಟೇ ಉತ್ತರಾಣಿ ಇದೆ. ಹೋಗಿ ಬಂದವರ ಬಟ್ಟೆ ಅದನ್ನು ಮುಚ್ಚಿಡಲಾರದು. ಮುಂದಿನದನ್ನು ಹೇಳಲು ರಾಯರಿಗೆ ಮನಸ್ಸಿರಲಿಲ್ಲ, ಹೇಳದಿದ್ದರೆ ನರ್ಮದಾಬಾಯಿ ಉಳಿಯುತ್ತಿರಲಿಲ್ಲ.

ಭಾಮಕ್ಕ ತಾವಾಗಿಯೇ ಎದ್ದು ನಿಂತರು.

"ಸುರುವಿದಾಕಿ ನಾನ," ಎಂದರು. "ಕಾಸಿದ ನೀರಂದ್ರ ಸತ್ತ ನೀರು. ಸತ್ತ ನೀರು ಕೂಸಿಗೆ ಹೆಂಗ ಕುಡಸಲಿ? ಊರಾಗ ಕಾರ್ತಿಕದಾಗ ಹೊಳಿಯಾಗ ಮುಳುಗಿ, ಹರಿಯೋ ನೀರು ಒಂದು ಕೊಡಾ ತಂದು ಹರವಿಗೆ ಕೂಡಸ್ತಿದ್ವಿ. ಅದು ಕೂಡಿದ್ರ ಎಲ್ಲಾ ನೀರಿಗೂ ಜೀವ ಬರತದ ಅಂತಿದ್ಲು ನಮ್ಮವ್ವ. ಹೊಳಿ ಬಿಟ್ಟು ಹದಿನಾರು ವರ್ಷ ಆತು ನನಗ. ಆ ಹಳ್ಳದಾಗ ಕಾಲಿಟ್ರ ಮಲಪ್ರಭಾನ ಬಂದು ಕಾಲಿಗೆ ತಾಕಿಧಂಗ ಆಗತಿತ್ತು ನೋಡ್ರಿ."

ಅದೇ ನೀರು ಕುಡಿದ ಭಾಮಕ್ಕನಿಗೆ ಏನೂ ಆಗಿರಲಿಲ್ಲ. ರೋಗಕ್ಕೂ ಮುಖ ನೋಡುವ ರೂಢಿಯಿದೆಯೇನೋ. ಬೈಯಬೇಕೆಂದು ಬಂದವರಿಗೆ ಅಲ್ಲಿ ಬೈಯಲು ಯಾರೂ ಸಿಗಲಿಲ್ಲ. ತಮ್ಮತಮ್ಮ ಊರಿನ ಹೊಳೆ, ಕೆರೆ, ಬಾವಿಗಳು ಎಲ್ಲರಿಗೂ ನೆನಪಾಗಿ ಕಣ್ಣು ಕೆಳಗಾದವು. ಭಾಮಕ್ಕ ತಮ್ಮನ ಕಡೆ ತಿರುಗಿ, "ಕಾಗದಾ ತರಸು ರಾಘೂ. ನನ್ನ ಕಣ್ಣ ಮುಂದನ ಬರಿ. ಒಂದು ಕೂಸಿನ್ನ ಮಲಗಿಸೇನಿ, ಇನ್ನೊಂದು ಕೂಸಿನ್ನರೇ ತಾಯಿ ಕಡೆ ಕಳಸು," ಎಂದು ಅಲ್ಲೇ ನೆಲದ ಮೇಲೆ ಕುಸಿದು ಕೂತರು.

ರಾಘಣ್ಣನವರು ನರ್ಮದಾಬಾಯಿಗೆ ಕೈ ಮುಗಿದರು. ಹಿರಿಯತನ ನಡೆಸಿದ ಮನುಷ್ಯ, ಅಷ್ಟು ಜನರ ಮುಂದೆ ಅದು ಸಣ್ಣ ಮಾತಲ್ಲ. ಪತ್ರ ಅಂದೇ ಹೋಯಿತು. ನಾಲ್ಕನೆಯ ದಿನ ಅಂಬಾ ಕಣ್ಣು ಬಿಟ್ಟು ಸೋದರತ್ತೆ ಭಾಮಕ್ಕನೆಲ್ಲಿ ಎಂದು ಕೇಳಿದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಪ್ಲೇಗು ಇಳಿದು, ಜನ ವಾಡೆಗಳಿಗೆ ಮರಳಿದ ಮೇಲೆ, ಮಾಘದ ಒಂದು ಮುಂಜಾನೆ ಬರುವುದಾಗಿ ಮೈದುನ ಕಾಗದ ಬರೆದ. ಆ ದಿನ ಪುಣೆಯ ಸ್ಟೇಷನ್ನಿಗೆ ನರ್ಮದಾಬಾಯಿ ಗಾಡಿಗಿಂತ ಎರಡು ತಾಸು ಮೊದಲೇ ಹೋಗಿ ನಿಂತಳು. ರಾಯರೂ ದಿಗಂಬರನೂ ಸ್ವಲ್ಪ ದೂರದಲ್ಲಿ ನಿಂತರು. ಗಾಡಿ ಬಂತು. ಮೈದುನನ ಕೈ ಹಿಡಿದು ಆರು ವರ್ಷದ ಹುಡುಗಿ ಇಳಿಯಿತು. ನರ್ಮದಾಬಾಯಿ ಎರಡು ಹೆಜ್ಜೆ ಓಡಿ, ಹುಡುಗಿ ಹಿಂದೆ ಸರಿದದ್ದು ಕಂಡು, ಅಲ್ಲೇ ನಿಂತಳು.

"ಇವರು ಯಾರ್ರಿ ಕಾಕಾ?" ಎಂದಿತು ಹುಡುಗಿ. "ನಮ್ಮವ್ವ ಬಂದಿಲ್ಲೇನು?"

ಮೈದುನ ಬಾಯಿ ತೆರೆದ. ನರ್ಮದಾಬಾಯಿ ಬೇಡವೆಂದು ಕೈ ಸನ್ನೆ ಮಾಡಿ, ಹುಡುಗಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು. ಮುಟ್ಟಲಿಲ್ಲ. ಆಮೇಲೆ ಆಕೆಯಿಂದ ಹೊರಟ ದನಿಯನ್ನು ಮೂರು ವರ್ಷ ಬರೆದ ಯಾವ ಕಾಗದದಲ್ಲೂ ದಿಗಂಬರ ಹಿಡಿದಿರಲಿಲ್ಲ.

"ನಾ ನಿಮ್ಮವ್ವನ ಮನಿಯಾಕಿ," ಎಂದಳು. "ನಡಿ, ಆಕಿ ಕಡೆ ಕರಕೊಂಡು ಹೋಗತೇನಿ."

ಹುಡುಗಿ ಸ್ವಲ್ಪ ಹೊತ್ತು ನೋಡಿ, ಕೈ ಕೊಟ್ಟಿತು. ಭಾಳ ದೂರ ಅದ ಏನು ಎಂದು ಕೇಳಿತು. ದೂರ ಇಲ್ಲ, ಈಗ ಮುಟ್ಟತೇವಿ ಎಂದು ಹೇಳಿ ನರ್ಮದಾಬಾಯಿ ಅದರ ಹೆಜ್ಜೆಗೆ ತನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ನಡೆದಳು.