ನೀರು ಹೋದ ಕಡೆ ಗಡಿ

ಗಡಿ ಠಾಣೆಯ ತಗಡಿನ ಕೋಣೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಈ ಬದಿಗೆ ಈಚೆ ದೇಶದ ಸಾಹೇಬರು, ಆ ಬದಿಗೆ ಆಚೆ ದೇಶದ ಸಾಹೇಬರು ಕುಳಿತಿದ್ದರು. ನಡುವೆ ಹರಡಿದ ನಕ್ಷೆ ಗಾಳಿಗೆ ಏಳದಂತೆ ಒಬ್ಬರು ಚಹಾದ ಲೋಟ ಇಟ್ಟಿದ್ದರು, ಇನ್ನೊಬ್ಬರು ಕನ್ನಡಕದ ಡಬ್ಬಿ. ಮೇಜಿನ ಒಂದು ಕಾಲು ಗಿಡ್ಡವಾಗಿದ್ದರಿಂದ ಯಾರು ಮೊಣಕೈ ಊರಿದರೂ ಇಡೀ ಬೆಟ್ಟಸಾಲು ಅವರ ಕಡೆಗೆ ವಾಲುತ್ತಿತ್ತು.

"ನೀರು ಯಾವ ಕಡೆ ಹೊರಗೆ ಬರುತ್ತೋ ನೆತ್ತಿ ಮೇಲಿನ ಬೋಗುಣಿ ಆ ಕಡೆಯವರದ್ದು," ಎಂದರು ಈಚೆ ಸಾಹೇಬರು. "ಹಳೇ ಒಪ್ಪಂದದಲ್ಲಿ ಇರೋದೇ ಅದು."

"ಒಪ್ಪಿದೆ. ಆದರೆ ನೀರಿಗೆ ಬಣ್ಣ ಹಾಕಿ ನೋಡೋದು ಬೇಡ. ಬಣ್ಣ ಯಾರು ಎಲ್ಲಿ ಬೇಕಾದರೂ ಸುರೀಬಹುದು. ಮನುಷ್ಯರೇ ನೀರಿನ ಹಿಂದೆ ಹೋಗಲಿ."

ಅಜ್ಜಂದಿರ ಕಾಲದಲ್ಲಿ ಗಡಿ ಎಳೆದವರು ಬೆಟ್ಟದ ನೆತ್ತಿಯನ್ನೇ ಗೆರೆ ಮಾಡಿದ್ದರು. ಮಳೆನೀರು ಎತ್ತ ಇಳಿಯುತ್ತದೋ ನೆಲ ಅತ್ತಲಿನವರದು. ಲೆಕ್ಕ ಎಲ್ಲ ಕಡೆ ಸರಿಹೋಯಿತು, ಒಂದು ಕಡೆ ಬಿಟ್ಟು. ನೆತ್ತಿಯ ಮೇಲೆ ಬೋಗುಣಿಯಂಥ ಒಂದು ಹುಲ್ಲುಗಾವಲಿತ್ತು. ಅದರ ಹಳ್ಳ ಆಚೆಗೂ ಇಳಿಯುತ್ತಿರಲಿಲ್ಲ, ಈಚೆಗೂ ಇಳಿಯುತ್ತಿರಲಿಲ್ಲ; ನಟ್ಟನಡುವೆ ಒಂದು ಬಿಲದೊಳಗೆ ಬಿದ್ದು ಮಾಯವಾಗುತ್ತಿತ್ತು. ಗೆರೆ ಎಳೆದವರು ಬಂದದ್ದು ಮಂಜಿನ ದಿನವಂತೆ. ತಲೆ ಕೆಡಿಸಿಕೊಳ್ಳದೆ ಬೋಗುಣಿಯನ್ನು ಆಚೆಯವರಿಗೆ ಬರೆದು ಇಳಿದುಹೋದರು.

ಬಿಲದೊಳಗೆ ಹೋಗಲು ಮೂವರು ಸಿದ್ಧರಾಗಿ ಬಾಗಿಲ ಬಳಿ ನಿಂತಿದ್ದರು. ಈಚೆಯಿಂದ ಹೊರಟವನು ಬಾವಿ ತೋಡುವವನು. ಹುಟ್ಟಿದಾಗಿನಿಂದ ನೆಲದೊಳಗೇ ಇರುವುದರಿಂದ ಊರವರು ಅವನನ್ನು ಹೆಗ್ಗಣ ಎಂದೇ ಕರೆಯುತ್ತಿದ್ದರು. ಆಚೆಯಿಂದ ಹೊರಟವನು ಕಲ್ಲುಗೋಡೆ ಕಟ್ಟುವವನು, ಹೆಗ್ಗಣನ ಅಕ್ಕನ ಗಂಡ. ಗಡಿ ದಾಟಿದ ಮದುವೆ ಅದು. ಅಕ್ಕ ಭಾವನ ಮನೆ ಬೋಗುಣಿಯಲ್ಲೇ ಇತ್ತು. ಮೂರನೆಯವಳು ಎರಡೂ ದೇಶಕ್ಕೆ ಸೇರದ ಅಳತೆಗಾರ್ತಿ. ಹೆಗಲ ಮೇಲೆ ಅಳತೆಯ ದುರ್ಬೀನು ಹೊತ್ತು ಬಂದಿದ್ದರಿಂದ ಬಂದ ದಿನವೇ ದುರ್ಬೀನಮ್ಮ ಆಗಿಬಿಟ್ಟಿದ್ದಳು.

"ಒಳಗೆ ಮೊದಲು ಯಾರಾದರೂ ಹೋಗಿದ್ದೀರಾ?" ಎಂದು ಅವಳು ಕೇಳಿದಳು.

"ಬಾಯಿ ತನಕ ಹೋಗಿದೀನಿ, ಕುರಿಮರಿ ಹುಡುಕ್ಕೊಂಡು," ಎಂದ ಭಾವ. "ಅದರಾಚೆ ದೇವರೇ ಬಲ್ಲ."

ಹೆಗ್ಗಣ ಕೈ ಮುಂದೆ ಚಾಚಿದ. "ನೀರು ಏನು ಹೇಳುತ್ತೋ ಅದೇ. ಆಮೇಲೆ ಹಾಗಲ್ಲ ಹೀಗೆ ಅನ್ನಂಗಿಲ್ಲ."

"ನೀರು ಏನು ಹೇಳುತ್ತೋ ಅದೇ," ಎಂದು ಭಾವ ಅವನ ಕೈ ಹಿಡಿದು ಕುಲುಕಿದ.

ಹೆಗ್ಗಣನಿಗೆ ಇದು ನಕ್ಷೆಯ ಜಗಳವಾಗಿರಲಿಲ್ಲ. ಅವನ ಊರಿಗೆ ನೀರು ಕೊಡುತ್ತಿದ್ದದ್ದು ಬೆಟ್ಟದ ಬುಡದ ಒಂದೇ ಬುಗ್ಗೆ. ಗೆರೆ ತಿದ್ದುವ ಮಾತು ಎದ್ದ ಮೇಲೆ, ಬೇಸಿಗೆ ಶುರುವಾದಾಗ ಅದು ಬತ್ತಿತು. ಮಳೆ ಹಿಡಿದರೂ ಬರಲಿಲ್ಲ. ಅವನ ತಾಯಿ ಸೊಂಟನೋವು ಇಟ್ಟುಕೊಂಡು ಕೆಳಗಿನ ಹೊಳೆಯಿಂದ ಕೊಡ ಹೊರುತ್ತಿದ್ದಳು. ಹೆಗ್ಗಣ ಊರ ನಡುವೆ ಬಾವಿಗೆ ಕೈ ಹಾಕಿದ. ಆಗ ಭಾವ ತಾನಾಗಿ ಬೆಟ್ಟ ಇಳಿದು ಬಂದು ಗುದ್ದಲಿ ಹಿಡಿದಿದ್ದ. ಇಬ್ಬರೂ ಹಗಲೆಲ್ಲ ಗುಂಡಿಯೊಳಗಿದ್ದು, ಮಣ್ಣು ಮೆತ್ತಿದ ಮುಖದಲ್ಲೇ ಊಟಕ್ಕೆ ಕೂರುತ್ತಿದ್ದರು. "ಮಗನಿಗಿಂತ ಅಳಿಯನೇ ಮೇಲು," ಎಂದು ತಾಯಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಗುಂಡಿಯಲ್ಲಿ ನೀರು ಮಾತ್ರ ಸಿಕ್ಕಿರಲಿಲ್ಲ.

ಮರುದಿನ ಬೆಳಗ್ಗೆ ಬೋಗುಣಿಗೆ ಹತ್ತಿದರು. ಹುಲ್ಲು ಮೊಣಕಾಲೆತ್ತರ ಬೆಳೆದು, ಗಾಳಿ ಬಂದಾಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆನ್ನು ತೋರಿಸಿ ಮಲಗುತ್ತಿತ್ತು. ಅಲ್ಲಲ್ಲಿ ಬಿಳಿ ಸುಣ್ಣಗಲ್ಲುಗಳು ದನ ಮಲಗಿದಂತೆ ಕಾಣುತ್ತಿದ್ದವು. ಅಂಚಿನುದ್ದಕ್ಕೂ ಗಡಿಕಂಬಗಳು, ಒಂದರ ಮೇಲೆ ಅಕ್ಕ ಕಂಬಳಿ ಒಣಗಿಸಿದ್ದಳು. ಹಳ್ಳ ಸದ್ದಿಲ್ಲದೆ ಹುಲ್ಲಿನ ನಡುವೆ ಡೊಂಕುಡೊಂಕಾಗಿ ಬಂದು, ಬಿಲದ ಬಾಯಿ ಹತ್ತಿರವಾದ ಮೇಲೆ ಮಾತ್ರ ಅವಸರ ಮಾಡುತ್ತಿತ್ತು.

"ಅಲ್ಲ ಭಾವ," ಎಂದ ಹೆಗ್ಗಣ ಹಗ್ಗ ಬಿಚ್ಚುತ್ತ, "ತಪ್ಪಾಗಿ ಎಳೆದ ಗೆರೆ ಅಂತ ಗೊತ್ತಾದ ಮೇಲೂ ತಿದ್ದಬಾರದು ಅಂದ್ರೆ ಹೇಗೆ? ಎಳೆದವರು ಇಲ್ಲಿ ಒಂದು ದಿನ ಮಲಗಿ ಎದ್ದವರಲ್ಲ."

"ಎಳೆದವರು ಹೋದ್ರು. ನಾವು ಆ ಗೆರೆ ನಂಬಿ ಮನೆ ಕಟ್ಟಿದೀವಲ್ಲ. ನನ್ನ ಕಲ್ಲುಗಣಿ ಆಚೆ ಇಳಿಜಾರಲ್ಲಿದೆ. ನಾಳೆ ಗೆರೆ ಸರಿದರೆ ನಾನು ಕೆಲಸಕ್ಕೆ ಹೋಗೋಕೆ ರಹದಾರಿ ತಗೋಬೇಕು. ಮಲಗಿದ್ದಲ್ಲೇ ಪರದೇಶಿ."

"ಈಗ ನಮ್ಮಮ್ಮ ಮಗಳನ್ನ ನೋಡೋಕೆ ತಗೊಳಲ್ವಾ?"

"ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆಯವರೂ ರಬ್ಬರ್ ಹಿಡ್ಕೊಂಡು ಬರ್ತಾರೆ ಕಣೋ. ಏನ್ ದುರ್ಬೀನಮ್ಮ?"

"ನನ್ನನ್ನ ಎಳೀಬೇಡಿ," ಎಂದಳು ಅವಳು ತಲೆದೀಪ ಕಟ್ಟಿಕೊಳ್ಳುತ್ತ. "ಅಳೆಯೋಕೆ ಬಂದವಳು ಬಾಯಿ ಬಿಟ್ಟರೆ ಅಳತೆ ಕೆಡುತ್ತೆ. ನಡೀರಿ."

ಬಿಲದ ಬಾಯಿಂದ ಕೆಳಕ್ಕೆ ನೀರು ಜಲಪಾತವಾಗಿ ಬೀಳುತ್ತಿತ್ತು. ಹಗ್ಗ ಬಿಗಿದು, ನೀರಿನ ಪಕ್ಕದ ಬಂಡೆಗೆ ಕಾಲು ಒತ್ತಿ ಒಬ್ಬೊಬ್ಬರಾಗಿ ಇಳಿದರು. ಬೆಳಕು ತಲೆಯ ಮೇಲೆ ತಟ್ಟೆಯಷ್ಟಾಯಿತು, ಬಟ್ಟಲಷ್ಟಾಯಿತು, ಆರಿತು. ಕೆಳಗೆ ಸೊಂಟದಷ್ಟು ನೀರು. ಚಳಿಗೆ ಹಲ್ಲು ಕಟಕಟ ಎಂದವು.

ಮುಂದೆ ದಾರಿ ಕಿರಿದಾಯಿತು. ಗೋಡೆಗಳು ನೆಕ್ಕಿದ ಹಾಗೆ ನುಣುಪು. ಭಾವ ಮುಂದೆ, ನಡುವೆ ದುರ್ಬೀನಮ್ಮ, ಹಿಂದೆ ಹೆಗ್ಗಣ. ಒಂದು ತಿರುವಿನಲ್ಲಿ ಭಾವ ಥಟ್ಟನೆ ತಲೆ ಬಗ್ಗಿಸಿದ. ಅವನ ದೀಪ ಆಗಿನ್ನೂ ತಿರುವಿನ ಈ ಬದಿಯ ಗೋಡೆಯ ಮೇಲಿತ್ತು. ಮರುಕ್ಷಣ ದುರ್ಬೀನಮ್ಮನ ಹಣೆ ಕತ್ತಲಲ್ಲಿ ಚಾಚಿಕೊಂಡಿದ್ದ ಬಂಡೆಗೆ ಬಡಿಯಿತು.

"ಅಯ್ಯೋ!"

"ಜೋಪಾನ," ಎಂದ ಭಾವ ತಿರುಗದೆ.

ಹೆಗ್ಗಣ ಆ ಬಂಡೆಯನ್ನು ಕೈಯಿಂದ ಮುಟ್ಟಿ ನೋಡಿದ. ಕಾಣದ ಬಂಡೆಗೆ ಭಾವ ಹೇಗೆ ಬಗ್ಗಿದ? ಅದೃಷ್ಟ ಇರಬೇಕು ಎಂದುಕೊಂಡು ಮುಂದೆ ಹೋದ.

ಗುಹೆ ಒಂದು ದೊಡ್ಡ ಕೋಣೆಯಾಗಿ ತೆರೆದುಕೊಂಡಿತು. ನೀರು ಪೂರ್ತಿ ಬಲಕ್ಕೆ ತಿರುಗಿ, ಆಚೆ ದೇಶದ ದಿಕ್ಕಿಗೆ, ಒಂದು ಗಿಡ್ಡ ಸಂದಿಯೊಳಗೆ ನುಗ್ಗುತ್ತಿತ್ತು. ಎಡಕ್ಕೆ ಕೆಸರು ಮೆತ್ತಿದ ಕಲ್ಲುರಾಶಿ.

"ಆಯ್ತಲ್ಲ," ಎಂದ ಭಾವ. "ನೀರು ಹೇಳಿಬಿಡ್ತು. ಬೇಜಾರು ಮಾಡ್ಕೋಬೇಡ ಕಣೋ."

ಆದರೆ ದುರ್ಬೀನಮ್ಮ ಆಗಲೇ ಕಲ್ಲುರಾಶಿ ಹತ್ತಿ, ಮೇಲಿನ ಸಂದಿನಿಂದ ದೀಪ ಹಾಯಿಸಿ ಆಚೆ ಇಣುಕುತ್ತಿದ್ದಳು.

"ಇಲ್ಲೊಂದು ಸುರಂಗ ಇದೆ. ತೊಳೆದಿಟ್ಟ ಹಾಗಿದೆ. ಗೋಡೆ ಮೇಲೆ ನೀರಿನ ಗೆರೆ ಇನ್ನೂ ಮಾಸಿಲ್ಲ. ಮೊನ್ನೆ ಮೊನ್ನೆವರೆಗೂ ಇಲ್ಲಿ ನೀರು ಹರಿದಿದೆ."

ಹೆಗ್ಗಣ ಕೆಸರನ್ನು ಅಂಗೈಯಿಂದ ಒರೆಸಿದ. ಕೆಳಗೆ ಕಲ್ಲು, ಕಲ್ಲಿನ ಮೇಲೆ ಕಲ್ಲು. ಪ್ರತಿ ಕಲ್ಲೂ ಉದ್ದಬದಿ ಒಳಕ್ಕೆ ಹೋಗಿ ಗಿಡ್ಡಮುಖ ಹೊರಗಿಟ್ಟುಕೊಂಡಿತ್ತು. ಸಂದುಗಳಲ್ಲಿ ತೆಳ್ಳನೆ ಚಕ್ಕೆ, ಎಲ್ಲವೂ ಎಡದಿಂದ ಬಡಿದವು. ಊರ ಬಾವಿಯ ಸುತ್ತ ಮಣ್ಣು ಕುಸಿಯದಂತೆ ಹೀಗೇ ಕಟ್ಟುತ್ತಿದ್ದುದನ್ನು ಅವನು ದಿನವೂ ಪಕ್ಕದಲ್ಲಿ ನಿಂತು ನೋಡಿದ್ದ. ಕಟ್ಟಿದವನು ಎಡಚ.

ಅವನು ತಿರುಗಿದ. ಭಾವ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಬೇಸಿಗೆ ಶುರುವಾದಾಗ," ಎಂದ ಹೆಗ್ಗಣ. "ಆಗ ಕಟ್ಟಿದ್ದಾ?"

ಭಾವನ ದೀಪ ಗೋಡೆಯಿಂದ ಪಕ್ಕಕ್ಕೆ ಸರಿಯಿತು.

"ಅಮ್ಮ ಕೊಡ ಹೊರೋದು ನೋಡ್ದೆ. ನನ್ನ ಜೊತೆ ಗುಂಡಿಗಿಳಿದೆ. ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ನಾನು ಬಡ್ಕೊಳ್ತಾ ಇದ್ರೆ ಹೂಂ ಹೂಂ ಅಂತಿದ್ದೆ. ನೀರು ಎಲ್ಲಿ ನಿಂತಿದೆ ಅಂತ ಗೊತ್ತಿದ್ದವನು ನೀನೊಬ್ಬನೇ!"

"ಅದನ್ನ ನೋಡಿ ತಡೆಯೋಕಾಗ್ಲಿಲ್ಲ, ಅದಕ್ಕೇ ಬಂದೆ," ಎಂದ ಭಾವ ತಲೆ ತಗ್ಗಿಸಿ. "ಬಾವಿಗೆ ನೀರು ಬಿದ್ದರೆ ಎರಡೂ ಮನೆ ಉಳಿಯುತ್ತೆ ಅಂದ್ಕೊಂಡೆ. ಇಲ್ಲಿ ನೀರು ಎರಡಾಗಿ ಒಡೀತಿತ್ತು ಕಣೋ, ಅರ್ಧ ನಿಮಗೆ, ಅರ್ಧ ನಮಗೆ. ಅರ್ಧ ಅಂದ್ರೆ ಸಾಹೇಬರು ಕೇಳ್ತಾರಾ? ಯಾರಿಗಾದ್ರೂ ಒಬ್ಬರಿಗೆ ಬರೀತಿದ್ರು. ನಿಮಗೆ ಬರೆದಿದ್ರೆ ನಿನ್ನಕ್ಕ ನಾನು ಎಲ್ಲಿಗೆ ಹೋಗಬೇಕಿತ್ತು?"

"ನನ್ನನ್ನ ಕೇಳಬಹುದಿತ್ತು."

"ನೀನು ಗೆರೆ ಬದಲಾಗಬೇಕು ಅಂತ ಕೂಗ್ತಿದ್ದವನು."

"ಸುಮ್ಮನಿರಿ ಇಬ್ಬರೂ!" ದುರ್ಬೀನಮ್ಮ ಕೈ ಎತ್ತಿದಳು. "ಕೇಳಿ."

ಜಲಪಾತದ ಸದ್ದು ಬದಲಾಗಿತ್ತು. ಮೊದಲು ಜುಳುಜುಳು, ಈಗ ಬಂಡೆ ಉರುಳಿದಂಥ ಮೊರೆತ. ಮೇಲೆ ಮಳೆ ಸುರಿದಿತ್ತು.

ನೀರು ಸೊಂಟದಿಂದ ಎದೆಗೇರಿತು. ಬಲಗಡೆಯ ಸಂದಿಯನ್ನು ನೀರು ಚಾವಣಿಯವರೆಗೆ ತುಂಬಿ ಮುಚ್ಚಿಬಿಟ್ಟಿತು. ಹಿಂದಕ್ಕೆ ಹೋಗುವಂತಿಲ್ಲ, ಇಳಿದು ಬಂದ ಹಗ್ಗ ಈಗ ಪ್ರವಾಹದ ನಡುವೆ ತೂಗುತ್ತಿತ್ತು.

"ಗೋಡೆ ಬಿಚ್ಚಬೇಕು," ಎಂದಳು ದುರ್ಬೀನಮ್ಮ.

ಹೆಗ್ಗಣ ಬುಡದ ಕಲ್ಲಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡ!" ಭಾವ ಚೀರಿದ. "ಬುಡ ಎಳೆದರೆ ಒಟ್ಟಿಗೆ ಕುಸಿದು ನಮ್ಮನ್ನೂ ಹೊತ್ಕೊಂಡು ಹೋಗುತ್ತೆ. ಮೇಲಿಂದ ಬಿಚ್ಚಬೇಕು, ಒಂದೊಂದೇ ವರಸೆ. ಯಾವ ಕಲ್ಲು ಯಾವುದನ್ನ ಹಿಡಿದಿದೆ ಅಂತ ನನಗೊಬ್ಬನಿಗೇ ಗೊತ್ತು. ನನ್ನನ್ನ ಕಟ್ಟಿ ಹಿಡ್ಕೋ."

ಹೆಗ್ಗಣ ತನ್ನ ಹೆಗಲಲ್ಲಿದ್ದ ಉಳಿದ ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದ. ಇನ್ನೊಂದು ತುದಿಯನ್ನು ತನ್ನ ಬೆನ್ನಿಗೆ ಸುತ್ತಿ, ಕಾಲನ್ನು ಬಂಡೆಯ ಸಂದಿಗೆ ತುರುಕಿ ನಿಂತ.

ಭಾವ ಮೇಲೇರಿ ಚಕ್ಕೆ ಕಿತ್ತ. ಒಂದು ಕಲ್ಲು ಆಚೆ ಉರುಳಿತು. ಇನ್ನೊಂದು. ನೀರು ಗೋಡೆಯ ತಲೆಯ ಮೇಲಿಂದ ತೆಳ್ಳಗೆ ಜಾರಿತು. ದುರ್ಬೀನಮ್ಮ ಬದಿಯಲ್ಲಿ ಆತು ದೀಪ ಹಿಡಿದಳು. ಮೂರನೆಯ ವರಸೆ ಬಿಚ್ಚುವಾಗ ನೀರಿನ ಹೊಡೆತಕ್ಕೆ ಭಾವನ ಕಾಲು ಜಾರಿತು. ಇಡೀ ದೇಹ ಸುರಂಗದ ಕಡೆಗೆ ತಿರುಗಿ ಹಗ್ಗದಲ್ಲಿ ಜೋತುಬಿತ್ತು.

ಹಗ್ಗ ಹೆಗ್ಗಣನ ಅಂಗೈ ಸುಲಿಯಿತು.

ಬಿಡಬಹುದಿತ್ತು. ಕೈ ಜಾರಿತು ಎಂದರೆ ಯಾರೂ ಕೇಳುತ್ತಿರಲಿಲ್ಲ. ಆ ಯೋಚನೆ ಬಂದದ್ದೂ ಅವನಿಗೆ ತಿಳಿಯಿತು. ಹಲ್ಲು ಕಚ್ಚಿ, ಅಂಗೈಯಿಂದ ಮೊಣಕೈಗೆ ಹಗ್ಗ ಸುತ್ತಿಕೊಳ್ಳುತ್ತ ಎಳೆದ. ದುರ್ಬೀನಮ್ಮನೂ ಹಗ್ಗಕ್ಕೆ ಕೈ ಹಾಕಿದಳು. ಭಾವ ಕೆಮ್ಮುತ್ತ ಮೇಲೆ ಬಂದ, ಏನನ್ನೂ ಹೇಳದೆ ಮುಂದಿನ ಕಲ್ಲು ಕಿತ್ತ.

ಗೋಡೆ ಮೊಣಕಾಲೆತ್ತರಕ್ಕೆ ಇಳಿದಾಗ ನೀರು ಎರಡಾಗಿ ಒಡೆಯಿತು. ಬಲಕ್ಕೆ ಒಂದು, ಎಡಕ್ಕೆ ಒಂದು. ದುರ್ಬೀನಮ್ಮ ಆ ಅವಸರದಲ್ಲೂ ಒಂದು ಕ್ಷಣ ನಿಂತು ಎರಡನ್ನೂ ನೋಡಿಕೊಂಡಳು. ಆಮೇಲೆ ಮೂವರೂ ಎಡದ ಸುರಂಗಕ್ಕೆ ಬಿದ್ದರು.

ಅಲ್ಲಿಂದ ನಡೆದದ್ದು ಕಡಿಮೆ, ಜಾರಿದ್ದು ಹೆಚ್ಚು. ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಿದರು, ಕೆಲವು ಕಡೆ ಮೂಗಷ್ಟೇ ನೀರಿನ ಮೇಲೆ ಇಟ್ಟುಕೊಂಡು ತೇಲಿದರು. ದುರ್ಬೀನಮ್ಮನ ದೀಪ ಆರಿತು, ಆಮೇಲೆ ಭಾವನದು. ಹೆಗ್ಗಣ ಒಂದೇ ದೀಪ ಹಿಡಿದು ಮುಂದಾದ. ಮೊದಲು ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು, ಆಮೇಲೆ ಹಸಿರಾದ ಬೆಳಕು, ಆಮೇಲೆ ಜನರ ಕೂಗು.

ಬುಗ್ಗೆಯ ಕಲ್ಲುತೊಟ್ಟಿಯ ಸುತ್ತ ಊರೇ ನೆರೆದಿತ್ತು. ಬತ್ತಿದ ಬುಗ್ಗೆಯನ್ನು ಕಣ್ಣಾರೆ ನೋಡಲು ಆಚೆ ಸಾಹೇಬರೂ ಈಚೆ ಸಾಹೇಬರ ಜೊತೆ ಬಂದಿದ್ದರು. ಅವರು ನೋಡುತ್ತಿದ್ದಂತೆಯೇ ಬಂಡೆಯ ಬಾಯಿ ಕೆಂಪು ನೀರು ಕಾರಿತು, ಅದರ ಹಿಂದೆ ಮೂವರು ಕೆಸರಿನ ಮನುಷ್ಯರನ್ನೂ ಕಾರಿತು. ಹೆಂಗಸರು ಅಳುತ್ತ ನಗುತ್ತ ಕೊಡ ತರಲು ಓಡಿದರು.

"ಹಾಗಾದರೆ ನೀರು ಈ ಕಡೆ!" ಎಂದರು ಈಚೆ ಸಾಹೇಬರು.

"ಎರಡೂ ಕಡೆ," ಎಂದಳು ದುರ್ಬೀನಮ್ಮ, ಕೂದಲು ಹಿಂಡುತ್ತ. "ಒಳಗೆ ಕವಲೊಡೆಯುತ್ತೆ. ಈ ಕವಲಿಗೆ ಗೋಡೆ ಕಟ್ಟಿತ್ತು. ಮನುಷ್ಯರು ಕಟ್ಟಿದ್ದು."

"ಯಾರು ಕಟ್ಟಿದ್ದು?"

ಅವಳು ಹೆಗ್ಗಣನ ಮುಖ ನೋಡಿದಳು. ಭಾವನೂ ನೋಡಿದ. ಹೆಗ್ಗಣನ ಕಣ್ಣಿಗೆ ಗಡಿಕಂಬದ ಮೇಲೆ ಒಣಗುತ್ತಿದ್ದ ಅಕ್ಕನ ಕಂಬಳಿ ಬಂತು. ಅವನು ಸುಲಿದ ಅಂಗೈಯನ್ನು ನೀರಿಗೊಡ್ಡಿದ.

"ಒಪ್ಪಂದದಲ್ಲಿ ಎರಡೂ ಕಡೆ ಅನ್ನೋದಿಲ್ಲವಲ್ಲ," ಎಂದರು ಆಚೆ ಸಾಹೇಬರು.

"ನೀರಿಗೆ ಒಪ್ಪಂದ ಓದೋಕೆ ಬರಲ್ಲ ಸಾರ್. ಇಬ್ಬರಿಗೂ ಸೇರಿದ ನೆಲ ಅಂತ ತಿದ್ದಬಹುದು. ಗೆರೆ ನೀವೇ ಬರೆದದ್ದು, ನೀವೇ ತಿದ್ದಬಹುದು."

ಸಾಹೇಬರಿಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ಬೇಗ ಅವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಉತ್ತರ ಒಂದಾಗಲಿಲ್ಲವಾದ್ದರಿಂದ ಗೆರೆ ಇದ್ದಲ್ಲೇ ಇರಲಿ. ಕೊಡೆ ಬಿಚ್ಚಿ, ಅವರು ತಮ್ಮ ತಮ್ಮ ಜೀಪುಗಳ ಕಡೆ ನಡೆದರು.

"ಇಷ್ಟಕ್ಕಾ ನಾವು ಸಾಯೋಕೆ ಹೋಗಿದ್ದು?" ಎಂದ ಹೆಗ್ಗಣ.

"ನಾನು ಕಂಡದ್ದನ್ನ ಕಂಡ ಹಾಗೇ ಬರೀತೀನಿ," ಎಂದಳು ದುರ್ಬೀನಮ್ಮ. "ಓದೋರು ಮುಂದೆ ಯಾವತ್ತಾದ್ರೂ ಹುಟ್ಟಬಹುದು. ನೀನು ಈಗಲೂ ಬದಲಾಗಬೇಕು ಅಂತೀಯಾ?"

"ಅಂತೀನಿ. ತಪ್ಪು ತಪ್ಪೇ ಅಲ್ವಾ. ಆದರೆ ತಿದ್ದೋಕೆ ಕೂರುವಾಗ ಪಕ್ಕದಲ್ಲಿ ಯಾರನ್ನ ನಂಬಿ ಕೂರಿಸ್ಕೊಳ್ಳಲಿ, ಅದನ್ನ ಹೇಳಿ."

ಅವಳು ಬಗ್ಗಿ ಹಣೆಯ ಗಾಯವನ್ನು ತೊಟ್ಟಿಯ ನೀರಲ್ಲಿ ತೊಳೆದುಕೊಂಡಳು.

ಅಷ್ಟರಲ್ಲಿ ತಾಯಿ ಟವೆಲು ತಂದಳು. ಮಗನನ್ನು ದಾಟಿ ಹೋಗಿ, ಅಳಿಯನನ್ನು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ ತಲೆ ಒರೆಸತೊಡಗಿದಳು. "ಗುಂಡಿ ತೋಡಿ ತೋಡಿ ಸಾಲದು ಅಂತ ಬೆಟ್ಟದ ಹೊಟ್ಟೆಗೇ ಹೋಗಿ ನೀರು ತಂದ್ಯಲ್ಲ ನನ್ನಪ್ಪ. ಹೆತ್ತ ಮಗ ಮಾಡ್ತಿರಲಿಲ್ಲ."

ಭಾವ ಕಣ್ಣು ಮುಚ್ಚಿಕೊಂಡ. ಸಾಹೇಬರಿಗೆ ಹೇಳದ್ದನ್ನು ತಾಯಿಗೆ ಹೇಳದೆ ಇರಲು ಹೆಗ್ಗಣನಿಂದ ಆಗಲಿಲ್ಲ.

"ಅಮ್ಮಾ, ನೀರು ಕಟ್ಟಿದವನೂ ಅವನೇ."

ತಾಯಿಯ ಕೈ ನಿಂತಿತು. ಅವಳು ಅಳಿಯನ ಮುಖ ನೋಡಿದಳು, ಅವನು ಇಲ್ಲ ಎನ್ನಲಿ ಎಂದು ಕಾದಳು. ಅವನು ಅನ್ನಲಿಲ್ಲ. ನೀರು ತೊಟ್ಟಿ ತುಂಬಿ ಕಟ್ಟೆಯ ಮೇಲೆ ಹರಿದು ಅವಳ ಕಾಲು ನೆನೆಸಿತು. ಅವಳು ಸೊಂಟಕ್ಕೆ ಒಂದು ಕೈ ಕೊಟ್ಟು ನಿಧಾನವಾಗಿ ನೆಟ್ಟಗಾದಳು, ಟವೆಲನ್ನು ಅವನ ತೊಡೆಯ ಮೇಲೆ ಇಟ್ಟಳು.

"ಒದ್ದೆ ತಲೇಲಿ ಬೆಟ್ಟ ಹತ್ತಬೇಡ," ಎಂದಳು. "ಒರೆಸ್ಕೊಂಡು ಹೋಗು."

ಆಮೇಲೆ ಮಗನ ಪಕ್ಕಕ್ಕೆ ಬಂದು, ಬುಗ್ಗೆಯ ಬಾಯಿಗೆ ಕೊಡ ಹಿಡಿದಳು. ನೀರಿನ ಕೆಂಪು ಇಳಿದು ತಿಳಿಯಾಗುತ್ತಿತ್ತು. ಕೊಡ ತುಂಬಿದ ಮೇಲೆ ಹೆಗ್ಗಣ ಅದನ್ನು ಎತ್ತಿ ತನ್ನ ಹೆಗಲಿಗಿಟ್ಟುಕೊಂಡ. ಇಬ್ಬರೂ ಮನೆಯ ಕಡೆ ನಡೆದರು. ಹಿಂದೆ ಯಾರೋ ಬೆಟ್ಟದ ದಾರಿ ಹಿಡಿದ ಸಪ್ಪಳವಾಯಿತು. ಇಬ್ಬರೂ ತಿರುಗಿ ನೋಡಲಿಲ್ಲ.